ಹಿಮಗಾಡಿ ಅಲಗೆತ್ತುವ ಕಂಬದಾಚೆಯಿಂದ

ಮಾನ್ಯ ಪಟ್ಟಣಾಧ್ಯಕ್ಷರೇ,

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಪಕ್ಕದ ಮನೆ ಮಾರಾಟವಾಗಲಿದೆ. ಕೊಳ್ಳುತ್ತಿರುವವರು ಓಗಾತಾ ಕೆಂಗೊ ಮತ್ತು ಚಿಹಾರು ಎಂಬ ಗಂಡ ಹೆಂಡತಿ. ಆಕೆಗೆ ಫೆಬ್ರವರಿಯಲ್ಲಿ ಹೆರಿಗೆ. ಅವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದಾರೆ: ಹಿಮ ಬಿದ್ದ ದಿನ ಆಂಬ್ಯುಲೆನ್ಸ್ ಬಾಗಿಲ ತನಕ ಬರುತ್ತದೆಯೇ? ಈ ಪ್ರಶ್ನೆಯ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ನಾನು ನಿಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬರಲು ತಲಾ ಎರಡು ವಾರ ಹಿಡಿಯಿತು. ಭಾನುವಾರಕ್ಕೆ ಉಳಿದಿರುವುದು ಆರೇ ದಿನ. ಆದ್ದರಿಂದ ಈ ನಾಲ್ಕನೆಯ ಪತ್ರವನ್ನು ನಮ್ಮ ವಾರಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ. ಮೊಹರಿಗಾಗಿ ಕಾಗದವನ್ನು ಮೇಜಿಂದ ಮೇಜಿಗೆ ಹೊತ್ತು ತಿರುಗುವ ಶ್ರಮವಾದರೂ ನಿಮ್ಮವರಿಗೆ ತಪ್ಪಲಿ.

ನಾನು ಯಾರೆಂದು ನಿಮಗೆ ಗೊತ್ತಿದೆ. ಆದರೂ ಓದುಗರಿಗಾಗಿ ಹೇಳುತ್ತೇನೆ. ಹೆಸರು ಹಿರುಮಾ ಯಾಸುಜಿ, ವಯಸ್ಸು ಅರವತ್ತಾರು. ಮೂವತ್ತೆಂಟು ವರ್ಷ ಓಮಿಯಾ ಕಡೆ ಲೋಕಲ್ ರೈಲು ಓಡಿಸಿದವನು. ಹೆಂಡತಿ ಮಿತ್ಸುಯೊ ಶಾಲೆಯೊಂದರಲ್ಲಿ ದಿನಾ ನಾನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ, ಅಂದರೆ ನಾಲ್ಕು ವರ್ಷದ ಹಿಂದೆ, ನಿಮ್ಮ ಮಿನೊಸಾವಾ ಪಟ್ಟಣದ ಕರಾಮಾತ್ಸು ದಿಬ್ಬದ ರಜೆಮನೆಗಳ ವಿಲ್ಲಾ ಬಡಾವಣೆಯಲ್ಲಿ ಮನೆ ಕೊಂಡೆವು. ಅಲ್ಲಿ ಮೂವತ್ತೊಂದು ಮನೆಗಳಿವೆ. ಮೂವತ್ತು ಮನೆಯವರು ಬೇಸಿಗೆಗೆ ಬಂದು ಮಾಂಸ ಸುಟ್ಟು ತಿಂದು, ಎಲೆ ಕೆಂಪಾಗುವುದನ್ನು ನೋಡಿ, ನಲ್ಲಿಯ ನೀರು ಬಸಿದು ಬೀಗ ಹಾಕಿಕೊಂಡು ಹೋಗುತ್ತಾರೆ. ಡಿಸೆಂಬರಿನಿಂದ ಮಾರ್ಚ್ ತನಕ ಇಡೀ ದಿಬ್ಬದಲ್ಲಿ ಹೊಗೆಯಾಡುವುದು ನಮ್ಮದೊಂದೇ ಕೊಳವೆ.

ಬಡಾವಣೆಯ ಬಾಯಿಯಲ್ಲಿ ಒಂದು ಹಸಿರು ಕಂಬವಿದೆ. ಅದರ ಮೇಲೆ ‘ಇಲ್ಲಿಂದ ಮುಂದೆ ಖಾಸಗಿ ರಸ್ತೆ’ ಎಂದು ಬರೆದಿದೆ. ಕಂಬದಿಂದ ನಮ್ಮ ಬಾಗಿಲಿಗೆ ನಾನೂರ ಹನ್ನೆರಡು ಹೆಜ್ಜೆ. ಹಿಮಕಾಲದಲ್ಲಿ ನಿಮ್ಮ ಪಟ್ಟಣದ ಹಿಮಗಾಡಿ ಬೆಳಗಿನ ಜಾವ ಮುಂದಿನ ಅಲಗಿನಿಂದ ರಸ್ತೆಯ ಹಿಮ ಬಾಚಿಕೊಂಡು ಆ ಕಂಬದ ತನಕ ಬರುತ್ತದೆ, ಅಲ್ಲಿ ಅಲಗು ಎತ್ತುತ್ತದೆ, ಗಾಡಿ ತಿರುಗಿಸಿಕೊಂಡು ಹೋಗುತ್ತದೆ. ತಂದ ಹಿಮವನ್ನೆಲ್ಲ ಎಲ್ಲಿ ಬಿಡುತ್ತದೆ ಎನ್ನುತ್ತೀರಿ? ನಮ್ಮ ಬಡಾವಣೆಯ ಬಾಯಿಗೆ. ಊರಿನ ರಸ್ತೆ ಸ್ವಚ್ಛ, ನಮ್ಮ ದಾರಿಗೆ ಎದೆಯೆತ್ತರದ ಗೋಡೆ. ಇದನ್ನು ನಾನು ದೂರುತ್ತಿಲ್ಲ, ಪುಕ್ಕಟೆ ಗೋಡೆ ಕಟ್ಟಿಸಿಕೊಟ್ಟಿದ್ದಕ್ಕೆ ವಂದನೆ ಹೇಳುತ್ತಿದ್ದೇನೆ ಅಷ್ಟೆ.

ನೀವು ಕೇಳಬಹುದು, ಕೊಳ್ಳುವಾಗ ಕಣ್ಣು ಎಲ್ಲಿಟ್ಟಿದ್ದೆ ಎಂದು. ಕೇಳಲೇಬೇಕಾದ ಪ್ರಶ್ನೆ. ಅದನ್ನು ನನಗೆ ನಾನೇ ನಾಲ್ಕು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ.

ಮನೆಯ ಬೆಲೆ ಒಂದು ಹಳೆಯ ಕಾರಿಗಿಂತ ಕಡಿಮೆ ಇತ್ತು. ಅಲ್ಲೇ ಅನುಮಾನ ಬರಬೇಕಿತ್ತು. ಆದರೆ ಕಿಟಕಿಯಲ್ಲಿ ಬೆಟ್ಟ ಕಾಣುತ್ತಿತ್ತು, ಕೆಳಗೆ ಇಳಿದರೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹ, ಮೇಲಾಗಿ ನಿಮ್ಮ ಕಚೇರಿ ಅಚ್ಚು ಹಾಕಿಸಿದ ಬಣ್ಣದ ಪುಸ್ತಿಕೆ. ‘ಬನ್ನಿ, ನಮ್ಮವರಾಗಿ ಬಾಳಿ’ ಎಂದು ಅದರ ಮೇಲೆ ಬರೆದಿತ್ತು. ನಮ್ಮವರಾಗಿ ಎಂಬ ಮಾತಿಗೆ ಮಿತ್ಸುಯೊ ಸೋತಳು. ಊರುಬಿಟ್ಟು ಊರಿಗೆ ಬರುವವರಿಗೆ ಆ ಒಂದು ಮಾತು ಸಾಕು ನೋಡಿ.

ಮನೆ ಮಾರುವ ಮುಂಚೆ ಏಜೆಂಟನು ಮುಖ್ಯ ವಿಷಯಗಳ ವಿವರಣೆಯನ್ನು ಕೊಳ್ಳುವವರ ಎದುರು ಓದಿ ಹೇಳಬೇಕು, ಅದು ಕಾನೂನು. ನಮ್ಮ ಏಜೆಂಟ್ ಕೂಡ ಓದಿದ. ಮೂವತ್ತಾರು ಪುಟ, ಎರಡು ಗಂಟೆ. ರೈಲು ಓಡಿಸುವವರಿಗೆ ಒಂದು ಅಭ್ಯಾಸವಿದೆ. ಸಿಗ್ನಲ್ ಕಂಡರೆ ಸುಮ್ಮನೆ ನೋಡಿದರೆ ಸಾಲದು, ಬೆರಳು ಚಾಚಿ ತೋರಿಸಿ, ‘ಸಿಗ್ನಲ್ ಹಸಿರು’ ಎಂದು ಬಾಯಿಬಿಟ್ಟು ಕೂಗಬೇಕು. ಕ್ಯಾಬಿನಲ್ಲಿ ಒಬ್ಬನೇ ಇದ್ದರೂ ಕೂಗಬೇಕು. ಕಣ್ಣು ನೋಡಿದ್ದನ್ನು ಮನಸ್ಸು ಹಾರಿಸಿಬಿಡಬಹುದು, ಆದರೆ ಬೆರಳೂ ಬಾಯಿಯೂ ಸೇರಿದರೆ ಹಾರಿಸುವುದಿಲ್ಲ. ಹಾಗಾಗಿ ಏಜೆಂಟ್ ಓದಿದ ಪ್ರತಿ ಸಾಲಿನ ಮೇಲೂ ನಾನು ಬೆರಳಿಟ್ಟು ಕೂಗತೊಡಗಿದೆ. ‘ಜಾಗದ ಅಳತೆ, ಸರಿ.’ ‘ಕಟ್ಟಿದ ವರ್ಷ, ಸರಿ.’ ಏಜೆಂಟನ ಕಚೇರಿಯಲ್ಲಿದ್ದ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಿತ್ಸುಯೊಗೆ ನಾಚಿಕೆಯಾಯಿತು. ಒಂಬತ್ತನೆಯ ಪುಟದಲ್ಲಿ ಅವಳು ಮೇಜಿನ ಕೆಳಗಿನಿಂದ ನನ್ನ ಕೈ ಹಿಡಿದು ಎಳೆದು ತೊಡೆಯ ಮೇಲಿಟ್ಟಳು.

“ಇದೇನು ಪ್ಲಾಟ್‌ಫಾರ್ಮಾ? ಸುಮ್ಮನೆ ಕೇಳಿಸ್ಕೊಳ್ರೀ,” ಎಂದು ಪಿಸುಗುಟ್ಟಿದಳು.

ಅಲ್ಲಿಂದ ಮುಂದೆ ನಾವಿಬ್ಬರೂ ಮರ್ಯಾದಸ್ಥರಂತೆ ತಲೆಯಾಡಿಸಿದೆವು. ಹೂಂ, ಹೂಂ, ಹೌದು, ಹೌದು. ನಮ್ಮ ಜನ ತಲೆಯಾಡಿಸುವುದು ಒಪ್ಪಿದೆ ಎಂದಲ್ಲ, ಅರ್ಥವಾಯಿತು ಎಂದೂ ಅಲ್ಲ, ನೀವು ಮಾತಾಡುತ್ತಿರುವುದು ನನ್ನ ಕಿವಿಗೆ ಬೀಳುತ್ತಿದೆ ಎಂದು. ಏಜೆಂಟನಿಗೂ ಅದು ಗೊತ್ತು. ಆದರೆ ಕಾಗದದ ಕೊನೆಯಲ್ಲಿ ‘ವಿವರಣೆ ಕೇಳಿ ತಿಳಿದುಕೊಂಡಿದ್ದೇನೆ’ ಎಂಬಲ್ಲಿ ಸಹಿಯ ಮೊಹರು ಒತ್ತಿದ್ದು ನಾನೇ. ಹನ್ನೊಂದನೆಯ ಪುಟದಲ್ಲಿ ಹೀಗಿತ್ತು: ‘ರಸ್ತೆ: ಖಾಸಗಿ. ನೀರು, ದೀಪ, ಕಸ, ಹಿಮ: ಉಸ್ತುವಾರಿ ಕಂಪನಿಯ ಒಪ್ಪಂದದಂತೆ.’ ನನ್ನ ಕೈ ತೊಡೆಯ ಮೇಲೆ ಇಲ್ಲದೆ ಕಾಗದದ ಮೇಲೆ ಇದ್ದಿದ್ದರೆ ಆ ಸಾಲಿನ ಹತ್ತಿರ ಬೆರಳು ನಿಲ್ಲುತ್ತಿತ್ತು, ಅಷ್ಟನ್ನು ನಾನು ಆಣೆ ಮಾಡಿ ಹೇಳಬಲ್ಲೆ. ತಪ್ಪು ನನ್ನದೇ. ನಿಮ್ಮ ಕಡೆಯ ತಪ್ಪು ಅಲ್ಲಿಂದ ಮುಂದೆ ಶುರುವಾಗುತ್ತದೆ.

ಕಂಪನಿಯ ಒಪ್ಪಂದ ಎಂದರೇನು ಎಂದು ಮೊದಲ ಚಳಿಗಾಲಕ್ಕೆ ತಿಳಿಯಿತು. ವರ್ಷಕ್ಕೊಮ್ಮೆ ಶುಲ್ಕ ಕಟ್ಟುತ್ತೇವೆ. ಅದಕ್ಕೆ ಬದಲಾಗಿ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತಾರೆ, ಬೀದಿದೀಪದ ಬಲ್ಬು ಬದಲಿಸುತ್ತಾರೆ, ಕಸ ಒಯ್ಯುತ್ತಾರೆ. ಹಿಮ ತೆಗೆಯುವುದು ಮಾತ್ರ ವರ್ಷದ ಕೊನೆ ಮತ್ತು ಹೊಸವರ್ಷ ಸೇರಿ ಹತ್ತು ದಿನ, ಯಾಕೆಂದರೆ ಆ ಹತ್ತು ದಿನ ವಿಲ್ಲಾದವರು ಸ್ಕೀ ಆಡಲು ಬರುತ್ತಾರೆ. ಉಳಿದ ದಿನ ಬಿದ್ದ ಹಿಮ ವಸಂತದಲ್ಲಿ ತಾನೇ ಕರಗುತ್ತದೆ ಎಂಬುದು ಕಂಪನಿಯ ನಂಬಿಕೆ. ಫೋನು ಮಾಡಿ ಕೇಳಿದರೆ, ಚಳಿಗಾಲದಲ್ಲಿ ವಾಸ ಮಾಡಲು ಈ ಬಡಾವಣೆ ಮಾಡಿದ್ದಲ್ಲ ಸಾರ್ ಎಂದರು. ಹಾಗಾದರೆ ಊರಿನವರೇ ಗತಿ ಎಂದು ನಿಮ್ಮ ಕಚೇರಿಗೆ ಬಂದೆ.

ನಿಮ್ಮ ಕಚೇರಿಯಲ್ಲಿ ಒಬ್ಬ ಯುವ ಅಧಿಕಾರಿ. ಅಷ್ಟು ವಿನಯವಂತನನ್ನು ನಾನು ಕಂಡಿಲ್ಲ, ಬಾಗಿ ಬಾಗಿ ಅವನ ಬೆನ್ನು ನೋಯುತ್ತಿರಬೇಕು. ಅವನು ವಿವರಿಸಿದ ಪ್ರಕಾರ ನಾನು ಪಟ್ಟಣದ ವಾಸಿ ಅಲ್ಲ, ವಿಲ್ಲಾ ಮಾಲೀಕ. ವಿಲ್ಲಾ ಮಾಲೀಕನಾದ್ದರಿಂದ ವಿಲ್ಲಾ ತೆರಿಗೆ ಕಟ್ಟಬೇಕು. ಆದರೆ ನನ್ನ ವಾಸದ ದಾಖಲೆ ಈ ಪಟ್ಟಣದಲ್ಲೇ ಇರುವುದರಿಂದ ವಾಸಿಯ ತೆರಿಗೆಯನ್ನೂ ಕಟ್ಟಬೇಕು. ಎರಡರಲ್ಲಿ ಒಂದು ನಾನು ಆಗಿರಬೇಕಲ್ಲವೇ ಎಂದು ಕೇಳಿದೆ. ಅವನು ಮತ್ತೊಮ್ಮೆ ಬಾಗಿದ.

“ದಾಖಲೆ ಅಂದ್ರೆ ನಿಮ್ಮ ಹೆಸರು ಎಲ್ಲಿದೆ ಅಂತ ಹೇಳುತ್ತೆ ಸಾರ್. ನೀವು ಎಲ್ಲಿದ್ದೀರಿ ಅಂತ ಹೇಳಲ್ಲ. ನಿಜವಾಗ್ಲೂ ವಾಸ ಇದ್ದೀರಿ ಅನ್ನೋದಕ್ಕೆ ಬೇರೆ ಪುರಾವೆ ಬೇಕು.”

“ನಾನೇ ಇಲ್ಲಿ ನಿಂತಿದ್ದೀನಲ್ಲಪ್ಪ.”

“ನೀವು ಇಲ್ಲಿ ನಿಂತಿರೋದು ಕಚೇರೀಲಿ ಇದ್ದೀರಿ ಅನ್ನೋದಕ್ಕೆ ಪುರಾವೆ ಸಾರ್.”

ಕರೆಂಟು ಬಿಲ್ಲು ಕೊಟ್ಟೆ. ಖಾಲಿ ವಿಲ್ಲಾಗಳಲ್ಲೂ ನಲ್ಲಿ ಹೆಪ್ಪುಗಟ್ಟದಿರಲೆಂದು ಹೀಟರ್ ಉರಿಸಿಟ್ಟು ಹೋಗುತ್ತಾರೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದ. ನೀರು? ಅದು ಕಂಪನಿಯ ಬಾವಿಯದು, ಮೀಟರೇ ಇಲ್ಲ. ಹಾಗಾದರೆ ಯಾವುದು ಲೆಕ್ಕಕ್ಕುಂಟು ಎಂದು ಕೇಳಿದಾಗ ಅವನ ಮುಖ ಬೆಳಗಿತು. ಕಸ. ಮನುಷ್ಯ ಬದುಕಿದ್ದರೆ ಕಸ ಹಾಕಿಯೇ ಹಾಕುತ್ತಾನೆ. ಪಟ್ಟಣದ ಕಸದ ಕಟ್ಟೆಯಲ್ಲಿ ಹೆಸರು ಬರೆದ ಚೀಲ ಹಾಕುವವರ ಪಟ್ಟಿ ಕಚೇರಿಯಲ್ಲಿ ಇದೆ, ಅದರಲ್ಲಿ ಹೆಸರಿದ್ದರೆ ಸಾಕು. ನನ್ನ ಹೆಸರು ಸೇರಿಸಿ ಎಂದೆ. ವಿಲ್ಲಾ ಬಡಾವಣೆಯ ಕಸವನ್ನು ಕಂಪನಿ ಒಯ್ಯುತ್ತದೆ, ಅದು ಮನೆಯ ಕಸವಲ್ಲ, ವ್ಯಾಪಾರದ ಕಸ. ವಾಸಿಗಳು ಮಾತ್ರ ಪಟ್ಟಣದ ಕಟ್ಟೆಗೆ ಕಸ ಹಾಕಬಹುದು ಎಂದ.

ಅಧ್ಯಕ್ಷರೇ, ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಕಸ ಹಾಕಿದರೆ ವಾಸಿ, ವಾಸಿಯಾದರೆ ಕಸ ಹಾಕಬಹುದು. ಇದನ್ನು ಬರೆದವರು ಯಾರು? ಅವರನ್ನು ರೈಲು ಇಲಾಖೆಗೆ ಕಳಿಸಿಕೊಡಿ, ವರ್ತುಲ ಮಾರ್ಗದ ವೇಳಾಪಟ್ಟಿ ಬರೆಯಲು ಒಳ್ಳೆಯ ಜನ ಬೇಕಾಗಿದ್ದಾರೆ.

ಆಗ ನಾನು ಮಾಡಿದ ಕೆಲಸ ಹೇಳಲು ಈಗ ಸಂಕೋಚವಾಗುತ್ತದೆ. ಕಂಬದ ಕೆಳಗೆ ನೆಮೊತೊ ಕೇರಿ ಇದೆಯಲ್ಲ, ಹದಿನೆಂಟು ಮನೆಯ ಹಳ್ಳಿ, ಅಲ್ಲಿನ ಕಸದ ಕಟ್ಟೆಗೆ ಒಂದು ಬೆಳಿಗ್ಗೆ ನನ್ನ ಚೀಲ ಹೊತ್ತುಕೊಂಡು ಹೋಗಿ ಇಟ್ಟೆ. ಚೀಲದ ಮೇಲೆ ದಪ್ಪಕ್ಷರದಲ್ಲಿ ಹಿರುಮಾ ಎಂದು ಬರೆದೆ, ಕಾಗೆ ಎಳೆಯದಂತೆ ಬಲೆ ಹೊದಿಸಿದೆ. ಮಧ್ಯಾಹ್ನ ಬಾಗಿಲು ತೆಗೆದರೆ ಚೀಲ ನಮ್ಮ ಮೆಟ್ಟಿಲ ಮೇಲೆ ಕುಳಿತಿತ್ತು, ಕೆಂಪು ಚೀಟಿ ಅಂಟಿಸಿಕೊಂಡು. ಪಕ್ಕದಲ್ಲಿ ನೆಮೊತೊ ಕೇರಿಯ ಸಂಘದ ಮುಖ್ಯಸ್ಥ ಉಶಿಯಾಮಾ ನಿಂತಿದ್ದರು. ಎಪ್ಪತ್ತರ ಮುದುಕ, ಚಳಿಗಾಲದಲ್ಲಿ ನಿಮ್ಮ ಗುತ್ತಿಗೆಯ ಮೇಲೆ ಹಿಮಗಾಡಿ ಓಡಿಸುವವರೂ ಅವರೇ.

“ನೋಡಿ ಸ್ವಾಮಿ,” ಎಂದರು. “ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಕಸ ನಿಮ್ದು, ಕಟ್ಟೆ ನಮ್ದು. ಕೊರೆಯೋ ಚಳೀಲಿ ಅದನ್ನ ತೊಳೆಯೋರು ನಮ್ಮ ಹೆಂಗಸ್ರು. ವಿಲ್ಲಾದೋರು ಹಬ್ಬದ ಹಾಗೆ ಬಂದು ಹೋಯ್ತಾರೆ, ನಾವು ಯಾರ್ ಯಾರ ಎಲೆ ಎತ್ತೋಣ?”

ಅವರು ಹೇಳಿದ್ದು ನ್ಯಾಯವೇ. ಮುಂದಿನ ವಾರ ಕೇರಿಯವರು ಕಾಲುವೆಯ ಹೂಳು ಬಳಿಯಲು ಸೇರಿದಾಗ ನಾನೂ ಸಲಿಕೆ ಹಿಡಿದು ಹೋಗಿ ನಿಂತೆ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮೂರು ವರ್ಷದಿಂದ ಕಾಲುವೆ ಬಳಿಯುತ್ತಿದ್ದೇನೆ, ಕಟ್ಟೆ ತೊಳೆಯುತ್ತಿದ್ದೇನೆ. ಮಿತ್ಸುಯೊ ಬೆಲ್ಲ ಹಾಕಿ ಬೇಯಿಸಿದ ಹುರುಳಿಯನ್ನು ಕೆಲಸದವರಿಗೆಲ್ಲ ಹಂಚುತ್ತಾಳೆ. ನಮ್ಮನ್ನು ಸಂಘಕ್ಕೆ ಸೇರಿಸಿಕೊಳ್ಳಲು ಉಶಿಯಾಮಾ ಸಾನ್ ಎರಡು ಸಲ ಅರ್ಜಿ ಹಾಕಿದರು, ಎರಡು ಸಲವೂ ನಿಮ್ಮ ಕಚೇರಿಯೇ ಕಂಬದ ಆಚೆಯವರು ಕೇರಿಗೆ ಸೇರಿದವರಲ್ಲ ಎಂದು ವಾಪಸು ಕಳಿಸಿತು. ಕೇರಿ ಒಪ್ಪಿದರೂ ಕಂಬ ಒಪ್ಪಲಿಲ್ಲ.

ಈಗ ಫೆಬ್ರವರಿ ಹದಿನೇಳಕ್ಕೆ ಬರುತ್ತೇನೆ. ಹೋದ ಫೆಬ್ರವರಿ.

ಬೆಳಿಗ್ಗೆ ಏಳು ಹತ್ತಕ್ಕೆ ಮಿತ್ಸುಯೊ ಮೆಟ್ಟಿಲ ಮೇಲಿನ ಹಿಮ ಸರಿಸಲು ಹೋಗಿ ಜಾರಿಬಿದ್ದಳು. ಕೂಗಲಿಲ್ಲ. ನಾನು ಹೋಗಿ ನೋಡಿದಾಗ ಹಿಮದಲ್ಲಿ ಕುಳಿತುಕೊಂಡು, ಏಳಕ್ಕೆ ಆಗ್ತಾ ಇಲ್ಲ ರೀ ಎಂದಳು, ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುವ ದನಿಯಲ್ಲಿ. ಸೊಂಟದ ಮೂಳೆ ಮುರಿದಿತ್ತು. ಆಂಬ್ಯುಲೆನ್ಸ್ ಏಳು ಮೂವತ್ತನಾಲ್ಕಕ್ಕೆ ಕಂಬದ ಹತ್ತಿರ ಬಂದು ನಿಂತಿತು. ಅದರ ಕೆಂಪು ದೀಪ ಮರಗಳ ನಡುವೆ ತಿರುಗುವುದು ನಮ್ಮ ಬಾಗಿಲಿಗೆ ಕಾಣುತ್ತಿತ್ತು. ನಡುವೆ ನಾನೂರ ಹನ್ನೆರಡು ಹೆಜ್ಜೆ, ಸೊಂಟದ ತನಕ ಹಿಮ, ಮೊದಲಿಗೆ ನೀವು ಕಟ್ಟಿಸಿದ ಗೋಡೆ. ಅವಳಿಗೆ ಕಂಬಳಿ ಹೊದಿಸಿ, ಬಿಸಿನೀರಿನ ಚೀಲ ಇಟ್ಟು, ನಾನು ಆ ಹಿಮದಲ್ಲಿ ಹುಗಿದುಕೊಳ್ಳುತ್ತಾ ಏಳುತ್ತಾ ಕಂಬದ ಕಡೆಗೆ ಹೋದೆ. ಅಷ್ಟು ಭಯ ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.

ಅದೇ ಹೊತ್ತಿಗೆ ಉಶಿಯಾಮಾ ಸಾನ್ ಆ ದಿನದ ಎರಡನೆಯ ಸುತ್ತಿಗೆ ಬಂದು ಕಂಬದ ಹತ್ತಿರ ಗಾಡಿ ತಿರುಗಿಸುತ್ತಿದ್ದರು. ಯಾರಿಗೆ ಎಂದು ಕೇಳಿದರು. ಹುರುಳಿಯವಳಿಗೆ ಎಂದೆ, ಅವಳ ಹೆಸರು ಅವರಿಗೆ ನೆನಪಿರುವುದಿಲ್ಲ ಎಂದುಕೊಂಡು. ಅವರು ಒಮ್ಮೆ ಹಸಿರು ಕಂಬವನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅಲಗು ಇಳಿಸಿದರು. ಗಾಡಿ ಗೋಡೆಯನ್ನು ಒಡೆದುಕೊಂಡು ನಮ್ಮ ದಾರಿಯ ಒಳಗೆ ಬಂತು, ಹಿಂದೆ ಆಂಬ್ಯುಲೆನ್ಸ್. ಒಂಬತ್ತು ನಿಮಿಷ. ನಾನು ಬದಿಗೆ ನಿಂತಿದ್ದೆ. ನನಗೆ ಗೊತ್ತಿಲ್ಲದೆ ನನ್ನ ಬಲಗೈ ಮೇಲೆದ್ದಿತ್ತು, ದಾರಿಯ ಕಡೆಗೆ ಬೆರಳು ಚಾಚಿ ‘ಮುಂದಿನ ದಾರಿ ಸರಿ’ ಎಂದು ಕೂಗಿದೆನಂತೆ. ಆಂಬ್ಯುಲೆನ್ಸಿನವರು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಇನ್ನೂ ಸ್ವಲ್ಪ ತಡವಾಗಿದ್ದರೆ ಚಳಿಯೇ ಅವಳನ್ನು ಮುಗಿಸುತ್ತಿತ್ತು ಎಂದು ಡಾಕ್ಟರು ಹೇಳಿದರು. ಅವಳು ಈಗ ಕೋಲು ಹಿಡಿದು ಓಡಾಡುತ್ತಾಳೆ. ಅದಿರಲಿ. ಆ ಒಂಬತ್ತು ನಿಮಿಷಕ್ಕೆ ನಿಮ್ಮ ಕಚೇರಿ ಉಶಿಯಾಮಾ ಸಾನ್‌ಗೆ ಏನು ಕೊಟ್ಟಿತು? ಎಚ್ಚರಿಕೆ ಪತ್ರ. ‘ಒಪ್ಪಂದದ ವ್ಯಾಪ್ತಿಯ ಹೊರಗೆ ಪಟ್ಟಣದ ಕೆಲಸದ ಯಂತ್ರವನ್ನು ಬಳಸಲಾಗಿದೆ.’ ಬಳಸಲಾಗಿದೆಯಂತೆ, ಬಳಸಿದ್ದು ಯಾರೋ ಏನೋ, ಗಾಡಿಯೇ ತಾನಾಗಿ ಹೋಯಿತೋ ಏನೋ. ಮೊನ್ನೆ ಕಾಲುವೆ ಕೆಲಸದ ದಿನ ಅವರು ನನ್ನ ಹತ್ತಿರ ಬಂದು, ಸಲಿಕೆಯ ಹಿಡಿಯನ್ನೇ ನೋಡುತ್ತಾ ಹೇಳಿದರು.

“ಈ ವರ್ಷ ಗಾಡಿಗೆ ಒಂದು ಪೆಟ್ಟಿಗೆ ಕೂರಿಸವ್ರೆ ಹಿರುಮಾ ಸಾನ್. ಎಲ್ಲಿ ಅಲಗು ಇಳೀತು, ಎಲ್ಲಿ ಎತ್ತಿತು, ಎಲ್ಲಾ ಕಚೇರೀಲಿ ಕಾಣ್ತದಂತೆ. ಇನ್ನೊಂದ್ ಸಲ ದಾಟಿದ್ರೆ ಗುತ್ತಿಗೆ ಹೋಯ್ತು. ಗಾಡಿ ಸಾಲ ಇನ್ನೂ ನನ್ನ ಮಗನ ತಲೆ ಮೇಲದೆ.”

ನೀವು ದಾಟಬೇಡಿ ಎಂದು ನಾನೇ ಹೇಳಿದೆ. ಹೇಳಬೇಕಾಗಿ ಬಂತು. ಅವರು ಹೂಂ ಎಂದು ಸಲಿಕೆ ಎತ್ತಿಕೊಂಡು ಹೋದರು, ಆ ದಿನ ಇಡೀ ನನ್ನ ಕಡೆ ತಿರುಗಿ ನೋಡಲಿಲ್ಲ.

ಇಷ್ಟರ ನಡುವೆ ನನ್ನ ಮೂರನೆಯ ಪತ್ರಕ್ಕೆ ನಿಮ್ಮ ಉತ್ತರ ಬಂತು. ಎರಡು ವಾಕ್ಯ. ಖಾಸಗಿ ರಸ್ತೆಯಾದರೂ ಅದರಲ್ಲಿ ಕನಿಷ್ಠ ಎರಡು ಕುಟುಂಬಗಳು ಖಾಯಂ ವಾಸವಿದ್ದರೆ ಹಿಮ ತೆಗೆಯುವ ಅರ್ಜಿಯನ್ನು ಪರಿಗಣಿಸಬಹುದು. ಖಾಯಂ ವಾಸ ಎಂದರೆ ಎರಡೂ ಕುಟುಂಬಗಳು ಅಲ್ಲಿ ಒಂದು ಪೂರ್ಣ ಚಳಿಗಾಲವನ್ನು ಕಳೆದಿರಬೇಕು. ನಮ್ಮ ಮೂಗಿಗೆ ತುಪ್ಪ ಸವರಿದ್ದು ಮಾತ್ರ ಬಹಳ ಅಚ್ಚುಕಟ್ಟಾಗಿದೆ.

ಆ ಕಾಗದ ಬಂದ ಹತ್ತನೆಯ ದಿನಕ್ಕೆ ಓಗಾತಾ ದಂಪತಿ ಪಕ್ಕದ ಮನೆ ನೋಡಲು ಬಂದರು.

ಕೆಂಗೊ ಹಳೆಯ ಬೂಟುಗಳಿಗೆ ಹೊಸ ತಳ ಹಾಕುವವನು, ಬೆಟ್ಟ ಹತ್ತುವವರ ಬೂಟುಗಳು ಅವನಿಗೆ ಅಂಚೆಯಲ್ಲಿ ಬರುತ್ತವೆ. ನಗರದಲ್ಲಿ ಸುತ್ತಿಗೆಯ ಸದ್ದಿಗೆ ಮೇಲಿನ ಮನೆಯವರು, ಕೆಳಗಿನ ಮನೆಯವರು ಎಲ್ಲರದೂ ತಕರಾರು. ಕೂಸು ಬರುವ ಮುಂಚೆ ಸದ್ದು ಮಾಡಬಹುದಾದ ಮನೆ ಬೇಕು ಎಂದು ಹುಡುಕುತ್ತಾ ಬಂದಿದ್ದಾರೆ. ಅವನ ಕೈಯಲ್ಲಿ ನಿಮ್ಮ ಬಣ್ಣದ ಪುಸ್ತಿಕೆ. ಚಿಹಾರು ನಮ್ಮಲ್ಲಿ ಬಂದು ಮಿತ್ಸುಯೊ ಹಾಕಿದ ಸೊಪ್ಪಿನ ಉಪ್ಪಿನಕಾಯಿಯನ್ನು ಒಂದು ಬಟ್ಟಲು ತುಂಬ ತಿಂದಳು, ಬಾಯಿ ಕೆಟ್ಟಿತ್ತು ಅಮ್ಮ ಎಂದಳು. ನಾಲ್ಕು ಸಲ ಬಂದುಹೋದರು. ನಾಲ್ಕನೆಯ ಸಲಕ್ಕೆ ಮಿತ್ಸುಯೊ ಕೋಲನ್ನು ಮೂಲೆಯಲ್ಲಿ ಮರೆತು ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ನಾನೂರು ಮಕ್ಕಳಿಗೆ ಬಡಿಸಿದ ಕೈ, ನಾಲ್ಕು ವರ್ಷದಿಂದ ಬಡಿಸಲು ನಾನೊಬ್ಬನೇ. ಅವಳಿಗೆ ಆ ಮನೆಯಲ್ಲಿ ಜನ ಬೇಕು, ಅದನ್ನು ನಾನು ಯಾರಿಗೂ ವಿವರಿಸಬೇಕಾಗಿಲ್ಲ.

ಹೊರಡುವಾಗ ಕೆಂಗೊ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ. ಏಜೆಂಟ್ ಎಲ್ಲಾ ಸರಿ ಅಂತಾನೆ, ಆದರೆ ಅವನು ಇಲ್ಲಿ ಇರೋನಲ್ಲ. ಫೆಬ್ರವರಿಯಲ್ಲಿ ಆಂಬ್ಯುಲೆನ್ಸ್ ಬರುತ್ತಾ, ನೀವು ಹೇಳಿ, ನೀವು ಹೇಳಿದ್ದನ್ನ ನಂಬ್ತೀವಿ ಎಂದ. ಸಹಿ ಹಾಕುವ ಮುಂಚೆ ಹೇಳುತ್ತೇನೆ ಎಂದೆ. ಮಿತ್ಸುಯೊ ನನ್ನ ಮುಖ ನೋಡಿದಳು. ಅವರ ಕಾರು ಮರೆಯಾದ ಮೇಲೆ ಅವಳು ಬಟ್ಟಲು ತೊಳೆಯುತ್ತಾ, ನನ್ನ ಕಡೆಗೆ ಬೆನ್ನು ಮಾಡಿಕೊಂಡೇ ಹೇಳಿದಳು.

“ಏನೂ ಹೇಳ್ಬೇಡಿ. ಒಂದು ಚಳಿಗಾಲ ತಾನೇ. ಅದು ಕಳೆದ್ರೆ ರಸ್ತೆ ಎಲ್ರಿಗೂ ಆಗುತ್ತೆ.”

“ಆ ಒಂದು ಚಳಿಗಾಲದಲ್ಲೇ ಹೆರಿಗೆ ಇರೋದು.”

“ನನಗೆ ಗೊತ್ತಿಲ್ವಾ,” ಎಂದಳು.

ನನಗೆ ಸಿಟ್ಟು ಬಂತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಅವಳು ಅದನ್ನು ಹೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ನಾನೇ ಹೇಳಬೇಕಾದದ್ದನ್ನು ಅವಳು ಹೇಳಿದಳಲ್ಲ ಎಂದು. ಯಾಕೆಂದರೆ ಲೆಕ್ಕ ಸರಳ: ಅವರು ಬಂದರೆ ನಾವು ಎರಡು ಕುಟುಂಬ. ಅವರು ಒಂದು ಚಳಿಗಾಲ ಹೇಗೋ ತಳ್ಳಿದರೆ, ಅದಾದ ಮೇಲೆ ನಿಮ್ಮ ಅಲಗು ಕಂಬ ದಾಟುತ್ತದೆ, ಮಿತ್ಸುಯೊ ಮತ್ತೆ ಜಾರಿದರೂ ಆಂಬ್ಯುಲೆನ್ಸ್ ಬಾಗಿಲಿಗೆ ಬರುತ್ತದೆ. ಅವರ ಚಳಿಗಾಲವನ್ನು ಪಣವಿಟ್ಟು ನನ್ನ ರಸ್ತೆ ಗೆಲ್ಲಬಹುದು. ನಾನು ಕೆಟ್ಟವನಲ್ಲ ಅಧ್ಯಕ್ಷರೇ, ಆದರೆ ಆ ಲೆಕ್ಕವನ್ನು ಎರಡು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಮನೆಯಿಂದ ಕಂಬಕ್ಕೆ, ಕಂಬದಿಂದ ಮನೆಗೆ, ದಿನಕ್ಕೆ ಹತ್ತು ಸಲ. ನಿಮ್ಮ ಎರಡು ವಾಕ್ಯ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡಿ. ಪಕ್ಕದ ಮನೆಗೆ ಬರುವ ಬಸುರಿಯನ್ನು ಕಂಡು, ಇವಳು ಒಂದು ಕುಟುಂಬ ಎಂದು ಎಣಿಸುವ ಹಾಗೆ ಮಾಡಿದೆ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಪಟ್ಟಣದಲ್ಲಿ ಇಂಥ ಬಡಾವಣೆ ಇನ್ನೂ ಆರು ಇವೆ, ಒಂದಕ್ಕೆ ಮಾಡಿದರೆ ಎಲ್ಲರೂ ಕೇಳುತ್ತಾರೆ, ಗಾಡಿಗಳು ಕಡಿಮೆ, ಓಡಿಸುವವರು ಮುದುಕರು. ಒಪ್ಪಿದೆ. ಹಾಗಿದ್ದರೆ ಅದನ್ನೇ ಪುಸ್ತಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ. ‘ಬೇಸಿಗೆಗೆ ಬನ್ನಿ, ಹಿಮಕ್ಕೆ ಮುಂಚೆ ಹೊರಡಿ’ ಎಂದು ಬರೆಯಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾ ಎಂದು ಕರೆದು, ಎರಡು ಕಡೆಯ ತೆರಿಗೆಯನ್ನೂ ತೆಗೆದುಕೊಂಡು, ಬಂದವನಿಗೆ ನೀನು ಇಲ್ಲಿ ಇಲ್ಲವೇ ಇಲ್ಲ ಎನ್ನುವುದು ಯಾವ ಊರಿನ ಅತಿಥಿ ಸತ್ಕಾರ? ಮನೆ ಕೊಳ್ಳುವವನು ಬೆಲೆ ನೋಡುತ್ತಾನೆ, ಬೆಟ್ಟ ನೋಡುತ್ತಾನೆ. ಕಂಬ ನೋಡುವುದನ್ನು ಅವನಿಗೆ ಹೇಳಿಕೊಡಬೇಕಾದವರು ಯಾರು? ಏಜೆಂಟ್ ಓದಿ ಕೈ ತೊಳೆದುಕೊಳ್ಳುತ್ತಾನೆ, ಕಂಪನಿ ಒಪ್ಪಂದ ತೋರಿಸುತ್ತದೆ, ನೀವು ಕಂಬ ತೋರಿಸುತ್ತೀರಿ. ಕೊನೆಗೆ ಅದು ಪಕ್ಕದ ಮನೆಯ ಮುದುಕನ ನಾಲಿಗೆಯ ಮೇಲೆ ಬಂದು ಕೂರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಲ್ದಾಣದ ಎದುರಿನ ಏಜೆಂಟ್ ಕಚೇರಿಗೆ ನೀವೇ ಬನ್ನಿ, ಆಗದಿದ್ದರೆ ಆ ವಿನಯವಂತ ಯುವಕನ ಕೈಯಲ್ಲಿ ಒಂದು ಸಾಲು ಬರೆದು ಕಳಿಸಿ. ಈ ಚಳಿಗಾಲವೇ, ಕುಟುಂಬ ಎಣಿಸದೆ, ಹಿಮಗಾಡಿ ಕಂಬ ದಾಟಿ ಎರಡು ಬಾಗಿಲ ತನಕ ಬರುತ್ತದೆ ಎಂದು. ಉಶಿಯಾಮಾ ಸಾನ್‌ಗೆ ಕೊಟ್ಟ ಎಚ್ಚರಿಕೆ ಪತ್ರ ವಾಪಸಾಗಿದೆ ಎಂದೂ ಅದರ ಕೆಳಗೆ ಬರೆಯಿರಿ. ನೀವು ಬಂದರೆ ನಮಗೆ ನೆರೆಯವರು ಸಿಗುತ್ತಾರೆ, ನಿಮಗೆ ಒಂದು ಕೂಸು ಸಿಗುತ್ತದೆ. ಮಿನೊಸಾವಾದಲ್ಲಿ ಹೋದ ವರ್ಷ ಎಷ್ಟು ಕೂಸು ಹುಟ್ಟಿದವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬಾರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಿನ್ನೆ ಮಧ್ಯಾಹ್ನ ಈ ಪತ್ರವನ್ನು ‘ಅವರ ಚಳಿಗಾಲವನ್ನು ಪಣವಿಟ್ಟು’ ಎಂಬಲ್ಲಿಯ ತನಕ ಮಿತ್ಸುಯೊಗೆ ಓದಿ ಹೇಳಿದೆ. ಅವಳು ಎದ್ದುಹೋಗಿ ಒಲೆಗೆ ಸೌದೆ ಹಾಕಿದಳು, ಕಿಟಕಿಯಲ್ಲಿ ಪಕ್ಕದ ಮನೆಯ ಮುಚ್ಚಿದ ಬಾಗಿಲು ನೋಡಿದಳು, ಬಂದು ಕುಳಿತಳು. ನನ್ನ ಬಲಗೈ ತೊಡೆಯ ಮೇಲಿತ್ತು. ಅವಳು ಅದನ್ನು ಎತ್ತಿ ಮೇಜಿನ ಮೇಲೆ, ಈ ಕಾಗದದ ಮೇಲೆ ಇಟ್ಟಳು.

“ಹನ್ನೊಂದನೇ ಪುಟ,” ಎಂದಳು. “ಈ ಸಲ ಬೆರಳಿಟ್ಟು ಕೂಗಿ. ಯಾರು ನಕ್ಕರೂ ನಾನು ಕೈ ಎಳೆಯಲ್ಲ.”

ಸೊಪ್ಪಿನ ಉಪ್ಪಿನಕಾಯಿಯ ಒಂದು ಡಬ್ಬಿ ಚಿಹಾರುಗಾಗಿ ಕಟ್ಟಿಟ್ಟಿದ್ದಾಳೆ. ಮನೆ ಕೊಂಡರೂ ಕೊಳ್ಳದಿದ್ದರೂ ಕೊಡುವುದಂತೆ. ಕಟ್ಟುವಾಗ ಅವಳು ಅತ್ತಳು.

ಭಾನುವಾರ ಹತ್ತಕ್ಕೆ ಕಾಯುತ್ತೇವೆ. ರೈಲಿನವನು ಹತ್ತು ಎಂದರೆ ಹತ್ತು, ಹತ್ತು ಗಂಟೆ ಒಂದು ನಿಮಿಷಕ್ಕೆ ನಾನು ಅವರೆದುರು ಹನ್ನೊಂದನೆಯ ಪುಟದ ಮೇಲೆ ಬೆರಳಿಟ್ಟು ಕೂಗುತ್ತೇನೆ.

ಇಂತಿ,
ಎರಡೂ ತೆರಿಗೆ ಕಟ್ಟಿಯೂ ನಿಮ್ಮ ದಾಖಲೆಯಲ್ಲಿ ಎಲ್ಲೂ ವಾಸವಿಲ್ಲದ
ಹಿರುಮಾ ಯಾಸುಜಿ
ಹಸಿರು ಕಂಬದಿಂದ ನಾನೂರ ಹನ್ನೆರಡು ಹೆಜ್ಜೆ, ಕರಾಮಾತ್ಸು ದಿಬ್ಬ